ಒಂದೇ ಬೆಟ್ಟ, ನಿಮಿಷಕ್ಕೊಂದು ರಸ್ತೆ

ಸಾಲಿನಲ್ಲಿ ಮುಂದೆ ಇನ್ನು ನಾಲ್ಕು ಕಾರುಗಳಿವೆ. ಹೆಲ್ಮೆಟ್ ಹಾಕಿಕೊಂಡ ಚಾಲಕಿ ಒಮ್ಮೆ ಆಕಾಶ ನೋಡುತ್ತಾಳೆ. ಆಮೇಲೆ ಕಾರಿನಿಂದ ಇಳಿದು, ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ಡಾಂಬರಿಗೆ ಒತ್ತುತ್ತಾಳೆ. ಕೈ ಒದ್ದೆಯಾಗಲಿಲ್ಲ, ತಣ್ಣಗಾಯಿತು ಅಷ್ಟೆ. ಸ್ವಲ್ಪ ಹೊತ್ತಿನ ಹಿಂದೆ ಬಿದ್ದ ಸೋನೆ ಇಲ್ಲಿ ಆರಿದೆ. ಮೇಲೆ ಮರಗಳ ನಡುವಿನ ತಿರುವಿನಲ್ಲಿ? ಅದು ಇಲ್ಲಿಂದ ಕಾಣುವುದಿಲ್ಲ.

ಹಿಲ್‌ಕ್ಲೈಂಬ್ ಎಂದರೆ ಬೆಟ್ಟದ ದಾರಿಯಲ್ಲಿ ಒಂದೊಂದೇ ಕಾರು ಬಿಟ್ಟು ಹೊತ್ತು ಅಳೆಯುವ ಸ್ಪರ್ಧೆ. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಶ್‌ನಲ್ಲಿ 1905ರಲ್ಲಿ ಶುರುವಾದದ್ದು ಅದೇ ಬೆಟ್ಟದಲ್ಲಿ ಈಗಲೂ ನಡೆಯುತ್ತಿದೆ. ದಾರಿಯ ಉದ್ದ ಬರೀ 1,000 ಗಜ, ಅಂದರೆ 914 ಮೀಟರ್. ಅತಿ ವೇಗದ ಕಾರುಗಳು ಅದನ್ನು 23 ಸೆಕೆಂಡಿನೊಳಗೆ ಹತ್ತಿ ಮುಗಿಸಿವೆ. ಸರ್ಕ್ಯೂಟ್ ರೇಸಿನಲ್ಲಿ ಚಾಲಕನಿಗೆ ಸುತ್ತಿನ ಮೇಲೆ ಸುತ್ತು ಸಿಗುತ್ತದೆ, ರಸ್ತೆಯನ್ನು ಕಲಿಯುತ್ತಾ ಹೋಗಬಹುದು. ಇಲ್ಲಿ ಸಾಮಾನ್ಯವಾಗಿ ಅಭ್ಯಾಸದ ಓಟಗಳಾದ ಮೇಲೆ ಲೆಕ್ಕಕ್ಕೆ ಸಿಗುವುದು ಎರಡೇ ಓಟ, ಅವುಗಳಲ್ಲಿ ಉತ್ತಮವಾದದ್ದು ಉಳಿಯುತ್ತದೆ. ಹಾಗಾಗಿ ಹವಾಮಾನ ಗಳಿಗೆಗೊಂದು ಬಣ್ಣ ತೋರುವ ದಿನ, ಹವ್ಯಾಸಿ ಚಾಲಕರ ಮುಂದಿರುವ ನಿಜವಾದ ಪ್ರಶ್ನೆ ಒಂದೇ: ಇನ್ನೂ ಮುಟ್ಟದ ರಸ್ತೆಯ ಹಿಡಿತವನ್ನು ಕಣ್ಣಳತೆಯಲ್ಲೇ ತಿಳಿಯುವುದು ಹೇಗೆ?

ಮೊದಲು ಹಿಡಿತ ಎಲ್ಲಿಂದ ಬರುತ್ತದೆ ನೋಡೋಣ. ರಬ್ಬರ್ ರಸ್ತೆಯನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಒಂದು, ರಬ್ಬರಿನ ಅಣುಗಳು ಕಲ್ಲಿನ ಮೇಲ್ಮೈಗೆ ಕ್ಷಣಕಾಲ ಅಂಟಿಕೊಂಡು ಬಿಡಿಸಿಕೊಳ್ಳುವುದು. ಇನ್ನೊಂದು, ಮೆತ್ತಗಿನ ರಬ್ಬರ್ ಜಲ್ಲಿಯ ಮೊನೆಗಳ ಮೇಲೆ ತಗ್ಗಿ, ಮತ್ತೆ ಮೊದಲಿನ ಆಕಾರಕ್ಕೆ ತುಸು ನಿಧಾನವಾಗಿ ಮರಳುವುದು. ಆ ನಿಧಾನದಲ್ಲಿ ಶಕ್ತಿ ಶಾಖವಾಗಿ ಕಳೆಯುತ್ತದೆ, ಜಾರುವಿಕೆಗೆ ತಡೆ ಹುಟ್ಟುತ್ತದೆ. ಕಲ್ಲಿಗೂ ರಬ್ಬರಿಗೂ ನಡುವೆ ನೀರಿನ ತೆಳು ಪೊರೆ ಬಂದರೆ ಮೊದಲನೆಯದು ಬಹುಪಾಲು ಹೋದಂತೆಯೇ. ಎರಡನೆಯದು ಉಳಿಯುತ್ತದೆ, ಆದರೆ ಕಲ್ಲಿನ ಮೊನೆ ಆ ಪೊರೆಯನ್ನು ಸೀಳಿಕೊಂಡು ಮೇಲೆ ಬರುವಷ್ಟು ಚೂಪಾಗಿದ್ದರೆ ಮಾತ್ರ. ಒಣ ದಿನದಲ್ಲಿ ಎಲ್ಲರೂ ಹಿಡಿಯುವ ಜಾಡಿನಲ್ಲಿ ಜಲ್ಲಿ ಸವೆದು ನುಣುಪಾಗಿರುತ್ತದೆ, ಮೇಲೆ ರಬ್ಬರ್ ಬೇರೆ ಬಳಿದಿರುತ್ತದೆ. ಮಳೆಯಲ್ಲಿ ಅನುಭವಸ್ಥರು ಆ ಜಾಡನ್ನು ಬಿಟ್ಟು ತಿರುವಿನ ಹೊರಮಗ್ಗುಲಿನ ಒರಟು ಡಾಂಬರಿಗೆ ಹೋಗುವುದು ಇದಕ್ಕೇ. ದಾರಿ ಉದ್ದವಾಗುತ್ತದೆ, ಆದರೂ ಹೊತ್ತು ಉಳಿಯುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಸ್ವಾರಸ್ಯ. ತಿರುವಿನಲ್ಲಿ ಸಾಧ್ಯವಾಗುವ ಗರಿಷ್ಠ ವೇಗ ಹಿಡಿತದ ವರ್ಗಮೂಲವನ್ನು ಅನುಸರಿಸುತ್ತದೆ. 20 ಮೀಟರ್ ತ್ರಿಜ್ಯದ ತಿರುವು ಎಂದುಕೊಳ್ಳಿ. ಒಣಗಿದ್ದಾಗ ಘರ್ಷಣೆಯ ಗುಣಾಂಕ, ಅಂದರೆ ಹಿಡಿತದ ಅಳತೆ, 1 ಇದ್ದರೆ ಗಂಟೆಗೆ ಸುಮಾರು 50 ಕಿಲೋಮೀಟರಿನಲ್ಲಿ ದಾಟಬಹುದು. ಒದ್ದೆಯಾಗಿ ಅದು 0.6ಕ್ಕೆ ಇಳಿದರೆ ವೇಗ 39. ಹಿಡಿತ ಶೇಕಡ 40 ಹೋದರೂ ವೇಗ ಹೋದದ್ದು ಶೇಕಡ 22ರಷ್ಟು. ಬ್ರೇಕ್ ಮಾತ್ರ ಇಷ್ಟು ದಯೆ ತೋರಿಸುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರಿನಿಂದ ನಿಲ್ಲಲು ಒಣಗಿದ್ದಾಗ 39 ಮೀಟರ್ ಸಾಕಾದರೆ ಒದ್ದೆಯಲ್ಲಿ 66 ಬೇಕು. 9 ಮೀಟರಿಗೆ 1 ಮೀಟರ್ ಮೇಲೇರುವ ರಸ್ತೆಯಲ್ಲಿ ಗುರುತ್ವವೂ ಕಾರನ್ನು ಹಿಂದಕ್ಕೆ ಜಗ್ಗುವುದರಿಂದ ಅದೇ ಅಂಕಿಗಳು 36 ಮತ್ತು 56 ಆಗುತ್ತವೆ. ರಸ್ತೆ ಜಾರಿದಷ್ಟೂ ಏರಿನ ಉಪಕಾರ ಹೆಚ್ಚು. ನನಗೆ ಈ ಕ್ರೀಡೆಯಲ್ಲಿ ಬಲು ಇಷ್ಟವಾದ ಸಂಗತಿ ಇದು: ಇಂಜಿನ್ನಿಗೆ ಹೊರೆಯಾದ ಬೆಟ್ಟವೇ ಬ್ರೇಕಿಗೆ ಹೆಗಲು ಕೊಡುತ್ತದೆ.

ಧಾರಾಕಾರ ಮಳೆಗಿಂತ ಮೊದಲ ಹನಿಗಳೇ ಹೆಚ್ಚು ಮೋಸ ಮಾಡುತ್ತವೆ. ಬಿಸಿಲಿನ ದಿನಗಳಲ್ಲಿ ಕೂತ ಎಣ್ಣೆ, ಧೂಳು, ರಬ್ಬರಿನ ಪುಡಿ ಎಲ್ಲ ಸ್ವಲ್ಪವೇ ನೀರಿನಲ್ಲಿ ಕಲಸಿ ಲೋಳೆಯಾಗುತ್ತವೆ. ಚೆನ್ನಾಗಿ ಮಳೆ ಹುಯ್ದರೆ ಇಳಿಜಾರಿನಲ್ಲಿ ಅವು ಕೊಚ್ಚಿಹೋಗಿ, ಹಿಡಿತ ಕೊಂಚ ವಾಪಸ್ ಬರುತ್ತದೆ. ಟೈರ್ ನೀರಿನ ಮೇಲೆ ತೇಲುವುದು ಬೇರೆಯೇ ವಿಷಯ. ಅದಕ್ಕೆ ನಿಂತ ನೀರೂ ಬೇಕು, ವೇಗವೂ ಬೇಕು. ಟೈರಿನಲ್ಲಿ 30 ಪೌಂಡ್ ಗಾಳಿ ಇದ್ದರೆ ಗಂಟೆಗೆ 90 ಕಿಲೋಮೀಟರಿನ ಆಸುಪಾಸಿನಲ್ಲಿ ಆ ಅಪಾಯ ಶುರುವಾಗುತ್ತದೆ ಎನ್ನುತ್ತದೆ ವಿಮಾನದ ಟೈರುಗಳ ಅಧ್ಯಯನದಿಂದ ಬಂದ ಒಂದು ಹಳೆಯ ಸೂತ್ರ. ಬೆಟ್ಟದಲ್ಲಿ ನೀರು ನಿಲ್ಲುವುದು ಕಡಿಮೆ, ಆದರೆ ರಸ್ತೆಯ ಓರೆ ಬದಲಾಗುವ ಕಡೆ ಸಣ್ಣ ತೊರೆಯಾಗಿ ಅಡ್ಡ ಹರಿಯುತ್ತದೆ. ಆ ಒಂದು ಮೀಟರ್ ಅಗಲದ ಜಾಗವನ್ನು ನೆನಪಿಟ್ಟುಕೊಂಡವರು ಅಲ್ಲಿ ಸ್ಟಿಯರಿಂಗ್ ನೆಟ್ಟಗಿಟ್ಟು ದಾಟುತ್ತಾರೆ.

ಇನ್ನು ಮರಗಳು. ಮಳೆ ಶುರುವಾದಾಗ ಮರದಡಿಯ ರಸ್ತೆ ಒಣಗಿರುತ್ತದೆ, ಎಲೆಗಳು ಹನಿಗಳನ್ನು ತಡೆದಿರುತ್ತವೆ. ಮಳೆ ನಿಂತು ಬಯಲಿನ ಭಾಗ ಬಿಸಿಲಿಗೆ ಆರುವ ಹೊತ್ತಿಗೆ ಅದೇ ಎಲೆಗಳು ತೊಟ್ಟಿಕ್ಕುತ್ತಿರುತ್ತವೆ, ನೆರಳಿನಲ್ಲಿ ನೀರು ಆವಿಯಾಗುವುದೂ ನಿಧಾನ. ಬೆಳಿಗ್ಗೆ ನೆಚ್ಚಿಕೊಂಡ ತಿರುವು ಮಧ್ಯಾಹ್ನ ಕೈಕೊಡುತ್ತದೆ.

ಇಷ್ಟರ ನಡುವೆ ಟೈರ್ ಬಿಸಿಯಾಗಲು ಹೊತ್ತೇ ಇರುವುದಿಲ್ಲ. ತಣ್ಣಗಿನ ರಬ್ಬರ್ ಗಡುಸು, ಕಲ್ಲಿನ ಮೊನೆಗೆ ತಗ್ಗುವುದಿಲ್ಲ. ಅದಕ್ಕೇ ಇಲ್ಲಿ ಬಹಳ ಮೆತ್ತಗಿನ ರಬ್ಬರ್ ಬಳಸುತ್ತಾರೆ, ಹೊರಡುವ ಮುನ್ನ ಚಕ್ರಗಳನ್ನು ನಿಂತಲ್ಲೇ ಗಿರ್ರನೆ ತಿರುಗಿಸಿ ಹೊಗೆ ಎಬ್ಬಿಸುತ್ತಾರೆ. ರಸ್ತೆ ಒದ್ದೆ ಇದ್ದರೆ ನೀರು ಆ ಶಾಖವನ್ನೂ ಕದಿಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಎರಡು ಸಾವಿರಕ್ಕೂ ಹೆಚ್ಚು ಜೂಲ್ ಬೇಕು. ಸೀಳುಗಳಿಲ್ಲದ ನುಣುಪು ಟೈರೋ, ನೀರು ಹರಿದುಹೋಗುವ ಸೀಳುಗಳಿರುವ ಟೈರೋ ಎಂಬ ತೀರ್ಮಾನವನ್ನು ಸಾಲಿಗೆ ಬರುವ ಮುಂಚೆಯೇ ಮಾಡಬೇಕು. ಸಾಲಿನಲ್ಲಿ ನಿಂತ ಮೇಲೆ ಸೂರ್ಯ ಹೊರಬಂದರೆ ಮಾಡುವುದೇನೂ ಇಲ್ಲ. ಆಕಾಶ ಅನುಮಾನ ಹುಟ್ಟಿಸುವ ದಿನ ಮೊದಲ ಓಟದಲ್ಲೇ ಒಂದು ಒಳ್ಳೆಯ ಸಮಯ ಗಿಟ್ಟಿಸಿಕೊಳ್ಳುವುದು ಜಾಣತನ.

ಎತ್ತರದ ಬೆಟ್ಟಗಳಲ್ಲಿ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಪೈಕ್ಸ್ ಪೀಕ್‌ನಲ್ಲಿ 1916ರಿಂದ ಸ್ಪರ್ಧೆ ನಡೆಯುತ್ತಿದೆ. ಸುಮಾರು 20 ಕಿಲೋಮೀಟರ್, 156 ತಿರುವು, ಕೊನೆ 4,302 ಮೀಟರ್ ಎತ್ತರದಲ್ಲಿ. ಬುಡದಲ್ಲಿ ಬಿಸಿಲಿದ್ದಾಗ ತುದಿಯಲ್ಲಿ ಹಿಮ ಬೀಳಬಹುದು. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇಕಡ 65, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ನು ಅದೇ ಪ್ರಮಾಣದಲ್ಲಿ ಏದುಸಿರು ಬಿಡುತ್ತದೆ. 2018ರಲ್ಲಿ ರೋಮಾ ಡ್ಯೂಮಾ ಓಡಿಸಿದ ವಿದ್ಯುತ್ ಕಾರು 7 ನಿಮಿಷ 57.148 ಸೆಕೆಂಡಿನಲ್ಲಿ ತುದಿ ಮುಟ್ಟಿ ದಾಖಲೆ ಮಾಡಿತು. ಮೋಟರಿಗೆ ಉಸಿರಾಡುವ ಹಂಗಿಲ್ಲ.

ನಮ್ಮ ಚಾಲಕಿಯ ಸರದಿ ಬಂತು, ಮುಗಿಯಿತು. ಮೇಲಿನ ತಿರುವು ಇನ್ನೂ ಕಪ್ಪಗಿತ್ತು. ಅವಳು ಬೇಗ ಬ್ರೇಕ್ ಒತ್ತಿದಳು, ಹಿಂದಿನ ಚಕ್ರಗಳು ಒಮ್ಮೆ ಜಾರಿ ಮತ್ತೆ ಹಿಡಿದವು. ತುದಿಯಲ್ಲಿ ಉಳಿದವರಿಗಾಗಿ ಕಾದು, ಎಲ್ಲರೊಂದಿಗೆ ಅದೇ ದಾರಿಯಲ್ಲಿ ನಿಧಾನವಾಗಿ ಇಳಿದು ಬರುವಾಗ ಕಿಟಕಿಯಿಂದ ತಲೆ ಹೊರಹಾಕಿ ಡಾಂಬರಿನ ಬಣ್ಣ ನೋಡುತ್ತಾ ಬಂದಳು. ಕಪ್ಪು ಕಲೆಯ ಅಂಚು ಆಗಲೇ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಎರಡನೇ ಓಟಕ್ಕೆ ಇನ್ನೂ ಒಂದು ಗಂಟೆ ಇದೆ, ಪಶ್ಚಿಮದಲ್ಲಿ ಮತ್ತೊಂದು ಮೋಡ ಏಳುತ್ತಿದೆ.