ಸೈಟು ಕಟ್ಟುವ ದಿನವೇ ಹೊರಬರುವ ದಾರಿ ನೋಡಿಕೊಳ್ಳಿ

ಹಳೇ ವೆಬ್‌ಸೈಟುಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವುದು ನನ್ನ ಕೆಲಸ. ಹೊಸ ಸೈಟು ಕಟ್ಟುವವರು ಬೇಕಾದಷ್ಟು ಜನ ಸಿಗುತ್ತಾರೆ. ಹತ್ತು ಹದಿನೈದು ವರ್ಷದ ಬರಹ ತುಂಬಿರುವ ಸೈಟನ್ನು ಒಂದು ಸಾಲೂ ಕಳೆಯದ ಹಾಗೆ ಬೇರೆ ಕಡೆಗೆ ಒಯ್ಯುವವರು ಕಡಿಮೆ. ನನ್ನ ಹತ್ತಿರ ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವ ತಂತ್ರಾಂಶ ಒಳ್ಳೆಯದು ಅಂತ. ನಾನು ಅವರನ್ನು ಬೇರೆ ಪ್ರಶ್ನೆ ಕೇಳುತ್ತೇನೆ. ನಾಳೆ ಇದನ್ನು ಬಿಡಬೇಕಾಗಿ ಬಂದರೆ ನಿಮ್ಮ ಬರಹ ನಿಮ್ಮ ಜೊತೆ ಹೊರಗೆ ಬರುತ್ತದಾ?

ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ಒಂದು ಕೆಲಸದಿಂದ. ಸೈಟು ಕಟ್ಟಿ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿದ್ದ ಸೈಟು, ಸಾವಿರಾರು ಲೇಖನ. ಪುಟಗಳನ್ನು ಅಂದವಾಗಿ ಜೋಡಿಸಲು ಯಾರೋ ಒಂದು ಪ್ಲಗಿನ್, ಅಂದರೆ ಮೇಲಿಂದ ಸೇರಿಸುವ ಪುಟ್ಟ ತಂತ್ರಾಂಶ, ಹಾಕಿದ್ದರು. ಅದನ್ನು ಬರೆದವರು ಕೈಬಿಟ್ಟು ವರ್ಷಗಳಾಗಿದ್ದವು, ವರ್ಡ್‌ಪ್ರೆಸ್ ಬರೆದಿರುವ ಭಾಷೆ ಪಿಎಚ್‌ಪಿಯ ಹೊಸ ಆವೃತ್ತಿಯಲ್ಲಿ ಅದು ಓಡುತ್ತಲೇ ಇರಲಿಲ್ಲ. ಅದನ್ನು ಬಂದ್ ಮಾಡಿದ ಕೂಡಲೇ ಪ್ರತಿ ಲೇಖನದ ನಡುವೆ ಚೌಕ ಕಂಸದೊಳಗಿನ ಸಂಕೇತಗಳು ಎದ್ದು ನಿಂತವು. ಇಲ್ಲಿ ಕಾಲಮ್ ಶುರು, ಇಲ್ಲಿ ಮುಗಿಯಿತು, ಇಲ್ಲಿ ಒತ್ತುವ ಬಟನ್, ಇಲ್ಲಿ ಚಿತ್ರಮಾಲೆ. ಇವಕ್ಕೆ ಶಾರ್ಟ್‌ಕೋಡ್ ಅನ್ನುತ್ತಾರೆ. ಅವುಗಳ ಅರ್ಥ ಆ ಪ್ಲಗಿನ್‌ಗೆ ಮಾತ್ರ ಗೊತ್ತು. ತಂತ್ರಾಂಶ ಮುಕ್ತ, ಪ್ಲಗಿನ್ನೂ ಮುಕ್ತ, ಎಲ್ಲದರ ಮೂಲ ಕೋಡ್ ಕೈಯಲ್ಲೇ ಇತ್ತು. ಬರಹ ಮಾತ್ರ ಸಿಕ್ಕಿಬಿದ್ದಿತ್ತು.

ಮುಕ್ತ ತಂತ್ರಾಂಶ ಅಂದರೆ ದುಡ್ಡು ಕೊಡದೆ ಸಿಗುವುದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಅದು ಬಿಟ್ಟು ಹೊರಡುವ ಹಕ್ಕು. ಈ ಕ್ಷೇತ್ರದ ಚರಿತ್ರೆ ನೋಡಿದರೂ ಹಾಗೆಯೇ ಕಾಣುತ್ತದೆ, ಒಂದು ಕಡೆಯಿಂದ ಎದ್ದು ಹೊರಟವರೇ ಮುಂದಿನದನ್ನು ಕಟ್ಟಿದ್ದಾರೆ. ಬಿ2 ಎಂಬ, ಬ್ಲಾಗ್ ಬರೆಯುವ ಪುಟ್ಟ ತಂತ್ರಾಂಶವಿತ್ತು, ಮಿಶೆಲ್ ವಾಲ್ದ್ರಿಗಿ ಬರೆದದ್ದು. 2003ರ ಹೊತ್ತಿಗೆ ಅದರ ಕೆಲಸ ನಿಂತುಹೋಗಿತ್ತು. ಅದನ್ನೇ ಬಳಸುತ್ತಿದ್ದ ಮ್ಯಾಟ್ ಮುಲ್ಲೆನ್‌ವೆಗ್‌ಗೆ, ಇದು ಯಾರು ಬೇಕಾದರೂ ಬದಲಿಸಿ ಹಂಚಲು ಬಿಡುವ ಜಿಪಿಎಲ್ ಪರವಾನಗಿಯಲ್ಲಿದೆಯಲ್ಲ, ಇದೇ ಕೋಡ್ ಹಿಡಿದು ಮುಂದುವರಿಸಬಹುದಲ್ಲ ಎಂದು ಹೊಳೆಯಿತು. ಮೈಕ್ ಲಿಟಲ್ ಜೊತೆಯಾದರು. 2003ರ ಮೇ 27ರಂದು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಬಂತು.

ಆಗ ಬ್ಲಾಗ್ ತಂತ್ರಾಂಶಗಳಲ್ಲಿ ದೊಡ್ಡ ಹೆಸರು ಮೂವೆಬಲ್ ಟೈಪ್‌ನದು. ಅದು ಮುಕ್ತವಾಗಿರಲಿಲ್ಲ. 2004ರ ಮೇ ತಿಂಗಳಲ್ಲಿ ಅವರು 3.0 ಆವೃತ್ತಿಗೆ ಹೊಸ ಪರವಾನಗಿ ತಂದರು, ಉಚಿತವಾಗಿ ಬಳಸುವವರಿಗೆ ಮಿತಿ ಹಾಕಿದರು. ಅದೇ ತಿಂಗಳು ವರ್ಡ್‌ಪ್ರೆಸ್ 1.2 ಹೊರಬಂತು. ಮೂವೆಬಲ್ ಟೈಪ್‌ನ ಬರಹವನ್ನು ಎಳೆದುಕೊಳ್ಳುವ ಸೌಲಭ್ಯವೂ ಇತ್ತು, ಜನ ಗಂಟುಮೂಟೆ ಕಟ್ಟಿಕೊಂಡು ಬಂದರು. ಮರುವರ್ಷ ಮಾಂಬೊ ಎಂಬ ಇನ್ನೊಂದು ಸೈಟು ಕಟ್ಟುವ ತಂತ್ರಾಂಶದಲ್ಲಿ ಇನ್ನೊಂದು ಹೊರಡುವಿಕೆ. 2005ರ ಆಗಸ್ಟ್‌ನಲ್ಲಿ ಅದರ ಆಡಳಿತದ ಬಗ್ಗೆ ಭಿನ್ನಾಭಿಪ್ರಾಯ ಬಂದು ಮುಖ್ಯ ಕೋಡ್ ಬರೆಯುವವರ ತಂಡವೇ ಹೊರನಡೆಯಿತು. ಸೆಪ್ಟೆಂಬರ್‌ನಲ್ಲಿ ಅವರದೇ ಜೂಮ್ಲಾ ಬಂತು. ಸ್ವಾಹಿಲಿಯ ಜುಮ್ಲಾ ಎಂಬ ಪದದಿಂದ ಬಂದ ಹೆಸರು ಅದು, ಎಲ್ಲರೂ ಒಟ್ಟಾಗಿ ಎಂಬ ಅರ್ಥ. ಇದೇ ಬಗೆಯ ಇನ್ನೊಂದು ತಂತ್ರಾಂಶ ಡ್ರೂಪಲ್ ಮಾತ್ರ ಹೀಗೆ ಕವಲೊಡೆದು ಹುಟ್ಟಿದ್ದಲ್ಲ. ಆಂಟ್ವರ್ಪ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡ್ರೀಸ್ ಬೈಟಾರ್ಟ್ ಗೆಳೆಯರಿಗಾಗಿ ಬರೆದದ್ದನ್ನು 2001ರ ಜನವರಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು.

ಇವುಗಳಲ್ಲಿ ವರ್ಡ್‌ಪ್ರೆಸ್ ಯಾಕೆ ಅಷ್ಟು ಬೆಳೆಯಿತು? ಇವತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ 40%ಕ್ಕೂ ಜಾಸ್ತಿ ಅದರ ಮೇಲೆಯೇ ನಿಂತಿವೆ. ಸುಲಭವಾಗಿ ಹಾಕಿಕೊಳ್ಳಬಹುದು ಎಂಬುದು ಒಂದು ಕಾರಣ. ದೊಡ್ಡ ಕಾರಣ ಹುಕ್, ಅಂದರೆ ಕೊಕ್ಕೆ. 1.2ರಲ್ಲಿ ಪ್ಲಗಿನ್‌ಗಳು ಬಂದದ್ದು ಈ ಕೊಕ್ಕೆಗಳ ಮೇಲೆ. ಲೇಖನವನ್ನು ಪರದೆಗೆ ಕಳಿಸುವ ಮೊದಲು ಮೂಲ ತಂತ್ರಾಂಶ ಒಂದು ಕ್ಷಣ ನಿಂತು, ಇದರಲ್ಲಿ ಏನಾದರೂ ಬದಲಿಸುವವರು ಇದ್ದೀರಾ ಎಂದು ಕೇಳುತ್ತದೆ. ಹೆಸರು ನೋಂದಾಯಿಸಿದ ಪ್ಲಗಿನ್‌ಗಳೆಲ್ಲ ಸಾಲಾಗಿ ಬಂದು ತಮ್ಮ ಕೆಲಸ ಮಾಡಿ ಮುಂದಕ್ಕೆ ದಾಟಿಸುತ್ತವೆ. ಮೂಲ ಕೋಡ್‌ನ ಒಂದಕ್ಷರವನ್ನೂ ಮುಟ್ಟದೆ ಯಾರು ಬೇಕಾದರೂ ಏನು ಬೇಕಾದರೂ ಸೇರಿಸಬಹುದು. 2005ರ 1.5ರಲ್ಲಿ ಥೀಮ್‌ಗಳೂ, ಅಂದರೆ ಸೈಟಿನ ರೂಪ ಬದಲಿಸುವ ಸಿದ್ಧ ಮಾದರಿಗಳೂ ಬಂದವು. ಕೋಡ್ ಬಾರದವರೂ ಸೈಟು ಕಟ್ಟತೊಡಗಿದರು. ನನಗೆ ಇದು ಈಗಲೂ ತುಂಬಾ ಇಷ್ಟವಾದ ವಿಷಯ.

ಆದರೆ ಅದೇ ಬಾಗಿಲಿನಿಂದ ಕಳ್ಳರೂ ಬಂದರು. 2011ರಲ್ಲಿ ಟಿಮ್‌ಥಂಬ್ ಎಂಬ ಚಿತ್ರದ ಗಾತ್ರ ಬದಲಿಸುವ ಸಣ್ಣ ಕಡತದಲ್ಲಿ ದೋಷ ಸಿಕ್ಕಿತು. ಅದು ಎಷ್ಟೋ ಥೀಮ್‌ಗಳ ಒಳಗೆ ಸೇರಿಕೊಂಡಿತ್ತು. ತಮ್ಮ ಸೈಟಿನಲ್ಲಿ ಅಂಥದ್ದೊಂದು ಇದೆ ಎಂದು ಸೈಟಿನವರಿಗೇ ಗೊತ್ತಿರಲಿಲ್ಲ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಮೂಲ ಕೋಡ್‌ನಲ್ಲೇ, ಡೇಟಾಬೇಸ್‌ಗೆ ಪ್ರಶ್ನೆ ಕಳಿಸುವ ಭಾಗದಲ್ಲಿ ದೋಷ ಸಿಕ್ಕಿ, ಸರಿಪಡಿಸಿದ ಆವೃತ್ತಿ ಬಿಡುಗಡೆಯಾಯಿತು. ಆಮೇಲೆ ಡ್ರೂಪಲ್‌ನ ಭದ್ರತಾ ತಂಡ ಹೇಳಿದ ಮಾತು ಈ ಕೆಲಸದಲ್ಲಿರುವವರಿಗೆ ಮರೆಯುವಂಥದ್ದಲ್ಲ: ಪ್ರಕಟಣೆಯಾದ 7 ಗಂಟೆಯೊಳಗೆ ಅಪ್‌ಡೇಟ್ ಮಾಡದಿದ್ದರೆ ನಿಮ್ಮ ಸೈಟು ಕೈತಪ್ಪಿದೆ ಎಂದೇ ತಿಳಿದು ಮುಂದುವರಿಯಿರಿ. 7 ಗಂಟೆ ಅಂದರೆ ಒಂದು ನಿದ್ದೆ ಅಷ್ಟೇ. ಹಾಗಾಗಿ 2013ರ ವರ್ಡ್‌ಪ್ರೆಸ್ 3.7ರಲ್ಲಿ ಬಂದ ತಾನೇ ತಾನಾಗಿ ಅಪ್‌ಡೇಟ್ ಆಗುವ ಸೌಲಭ್ಯ ಈ ಕ್ಷೇತ್ರದ ಅತಿ ಮುಖ್ಯ ಹೆಜ್ಜೆಗಳಲ್ಲಿ ಒಂದು ಎನ್ನುತ್ತೇನೆ. ಯಾರೂ ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಸುಮ್ನೆ ಹಿಂದಿನಿಂದ ಕೆಲಸ ಮಾಡುತ್ತಾ ಎಷ್ಟೋ ಸೈಟುಗಳನ್ನು ಉಳಿಸಿದೆ.

ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುವುದು ಕೂಡ ಒಂದು ಬಗೆಯ ಸ್ಥಳಾಂತರವೇ. ಇಲ್ಲಿ ಡ್ರೂಪಲ್ ಮತ್ತು ವರ್ಡ್‌ಪ್ರೆಸ್ ಎರಡು ಬೇರೆ ಬೇರೆ ದಾರಿ ಹಿಡಿದವು. 2015ರ ನವೆಂಬರ್‌ನಲ್ಲಿ ಬಂದ ಡ್ರೂಪಲ್ 8 ಒಳಗಿನಿಂದ ಪೂರ್ತಿ ಬದಲಾಗಿತ್ತು. ಕೋಡ್ ಅಚ್ಚುಕಟ್ಟಾಯಿತು ನಿಜ, ಆದರೆ 7ರಲ್ಲಿದ್ದವರು ಸೈಟನ್ನು ಹೆಚ್ಚುಕಡಿಮೆ ಮತ್ತೆ ಕಟ್ಟಬೇಕಾಯಿತು. ಸಣ್ಣ ಸಂಸ್ಥೆಗಳಿಗೆ ಆ ಖರ್ಚು ಕೈಗೆಟುಕಲಿಲ್ಲ, ಎಷ್ಟೋ ಜನ ಇದ್ದಲ್ಲೇ ಉಳಿದರು. 7ರ ಕೊನೆಯ ದಿನವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ ಕಡೆಗೆ 2025ರ ಜನವರಿ 5ಕ್ಕೆ ನಿಲ್ಲಿಸಿದರು. ವರ್ಡ್‌ಪ್ರೆಸ್ ಹಳೆಯದನ್ನು ಒಡೆಯದೆ ಹೋಗುವ ಹಟ ಹಿಡಿಯಿತು. ಪಿಎಚ್‌ಪಿ 5.2 ಎಂಬ ಮುದಿ ಆವೃತ್ತಿಗೆ 2019ರವರೆಗೂ ಜಾಗ ಕೊಟ್ಟಿತ್ತು. ಕೋಡ್ ಬರೆಯುವವರಿಗೆ ಅದು ಹಿಂಸೆ, ಸೈಟು ನಡೆಸುವವರಿಗೆ ನೆಮ್ಮದಿ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ನೆಮ್ಮದಿಯ ಕಡೆಗೇ ನಿಲ್ಲುತ್ತೇನೆ. ಡ್ರೂಪಲ್‌ನವರೂ ಪಾಠ ಕಲಿತರು, 8ರಿಂದ 9ಕ್ಕೆ ಹೋಗುವುದು ಅಷ್ಟು ಕಷ್ಟವಾಗಲಿಲ್ಲ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ, ಬರಹ ಡೇಟಾಬೇಸ್‌ನಲ್ಲಿ ಹೇಗೆ ಕೂತಿರುತ್ತದೆ ಎಂಬುದು. 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಜೊತೆ ಬ್ಲಾಕ್ ಎಡಿಟರ್ ಬಂತು, ಗುಟೆನ್‌ಬರ್ಗ್ ಎಂಬ ಹೆಸರಲ್ಲಿ. ಪ್ಯಾರಾ, ಚಿತ್ರ ಹೀಗೆ ಒಂದೊಂದೂ ಅದರಲ್ಲಿ ಬೇರೆ ಬೇರೆ ಬ್ಲಾಕ್. ಎಷ್ಟು ವಿರೋಧ ಬಂತೆಂದರೆ ಹಳೇ ಎಡಿಟರನ್ನು ವಾಪಸ್ ತರುವ ಪ್ಲಗಿನ್ ಲಕ್ಷಗಟ್ಟಲೆ ಸೈಟುಗಳಲ್ಲಿ ಕೂತಿತು, ಕ್ಲಾಸಿಕ್‌ಪ್ರೆಸ್ ಎಂಬ ಕವಲೇ ಹುಟ್ಟಿತು. ಅಭ್ಯಾಸವಾದದ್ದು ಒಮ್ಮೆಲೇ ತಪ್ಪಿದರೆ ಯಾರಿಗಾದರೂ ಕಷ್ಟ, ಅಲ್ವಾ? ಆದರೆ ಸಾಗಿಸುವವನ ಕಣ್ಣಿಗೆ ಅದರೊಳಗೆ ಒಂದು ಒಳ್ಳೆಯ ನಿರ್ಧಾರ ಕಂಡಿತು. ಬ್ಲಾಕ್ ಎಲ್ಲಿ ಶುರು ಎಲ್ಲಿ ಕೊನೆ ಎಂಬ ಗುರುತನ್ನು ಅವರು ಎಚ್‌ಟಿಎಮ್‌ಎಲ್ ಟಿಪ್ಪಣಿಯಾಗಿ ಬರೆದಿಟ್ಟರು. ಬ್ರೌಸರ್ ಟಿಪ್ಪಣಿಯನ್ನು ತೋರಿಸುವುದಿಲ್ಲ. ನಾಳೆ ಆ ಬ್ಲಾಕ್ ಕೊಟ್ಟ ಪ್ಲಗಿನ್ ಹೋದರೂ, ವರ್ಡ್‌ಪ್ರೆಸ್ಸೇ ಹೋದರೂ, ಒಳಗಿನ ಪ್ಯಾರಾ ಪ್ಯಾರಾ ಆಗಿಯೇ ಉಳಿಯುತ್ತದೆ. ಶಾರ್ಟ್‌ಕೋಡ್‌ನ ಹಾಗೆ ಕಸ ಉಳಿಯುವುದಿಲ್ಲ. ಎಲ್ಲ ಬ್ಲಾಕ್‌ಗಳೂ ಹೀಗಿಲ್ಲ. ಕೆಲವು ಗುರುತು ಮಾತ್ರ ಇಟ್ಟು ಉಳಿದದ್ದನ್ನು ಆಯಾ ಹೊತ್ತಿಗೆ ಸರ್ವರ್‌ನಲ್ಲಿ ತಯಾರಿಸುತ್ತವೆ, ಅವು ಪ್ಲಗಿನ್ ಜೊತೆಗೇ ಮಾಯ. ಹಾಗಾಗಿ ಹೊಸ ಬ್ಲಾಕ್ ಹಾಕುವ ಮೊದಲು ಎಡಿಟರ್‌ನಲ್ಲಿ ಕೋಡ್ ನೋಟಕ್ಕೆ ಹೋಗಿ ಒಮ್ಮೆ ನೋಡಿ. ನಿಮ್ಮ ವಾಕ್ಯಗಳು ಅಲ್ಲಿ ಓದಲು ಸಿಗುತ್ತವೆಯೇ, ಇಲ್ಲವೇ?

ಸಾಗಿಸುವಾಗ ತೊಡರಿಕೊಳ್ಳುವ ಇನ್ನೊಂದು ಮುಳ್ಳು ಇದೆ. ಸೆಟ್ಟಿಂಗ್‌ಗಳ ಪಟ್ಟಿಯನ್ನು ಪಿಎಚ್‌ಪಿ ಡೇಟಾಬೇಸ್‌ಗೆ ಹಾಕುವಾಗ ಪ್ರತಿ ಪಠ್ಯದ ಮುಂದೆ ಅದರ ಉದ್ದವನ್ನೂ ಬರೆದಿಡುತ್ತದೆ. ಸೈಟಿನ ವಿಳಾಸ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್ ಆಯಿತು ಅನ್ನಿ. ನೀವು ಡೇಟಾಬೇಸ್‌ನ ನಕಲನ್ನು ತೆರೆದು ಹುಡುಕಿ ಬದಲಿಸುತ್ತೀರಿ. ಒಂದಕ್ಷರ ಹೆಚ್ಚಿತು, ಮುಂದೆ ಬರೆದ ಉದ್ದ ಮಾತ್ರ ಹಳೆಯದೇ. ಲೆಕ್ಕ ತಾಳೆಯಾಗದೆ ಇಡೀ ಪಟ್ಟಿಯನ್ನು ಪಿಎಚ್‌ಪಿ ಓದುವುದೇ ಇಲ್ಲ, ಪುಟದ ಬದಿಯಲ್ಲಿದ್ದ ವಿಜೆಟ್‌ಗಳೆಲ್ಲ ಖಾಲಿ. ಡಬ್ಲ್ಯುಪಿ-ಸಿಎಲ್‌ಐ ಎಂಬ ಸಲಕರಣೆ ಉದ್ದವನ್ನೂ ಸರಿಪಡಿಸಿಕೊಂಡು ಬದಲಿಸುತ್ತದೆ, ಅದನ್ನೇ ಬಳಸಿ. ಇಂಗ್ಲಿಷ್ ಅಲ್ಲದ ಲಿಪಿಗಳಿಗೆ ಇನ್ನೂ ಒಂದು ತೊಂದರೆ. ಲೇಖನದ ವಿಳಾಸ ಕೂರುವ ಜಾಗಕ್ಕೆ 200 ಅಕ್ಷರದ ಮಿತಿ ಇದೆ. ನಮ್ಮ ಒಂದು ಅಕ್ಷರ ಯುನಿಕೋಡ್‌ನಲ್ಲಿ 3 ಬೈಟ್, ವಿಳಾಸಕ್ಕೆ ಬರೆಯುವಾಗ ಅದು 9 ಸ್ಥಾನ ತಿನ್ನುತ್ತದೆ. ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಲೆಕ್ಕ. 22 ಚಿಹ್ನೆ ಆಗುವಷ್ಟರಲ್ಲಿ ಜಾಗ ಮುಗಿದು ಶೀರ್ಷಿಕೆ ನಡುವೆಯೇ ಕತ್ತರಿಸಿಹೋಗುತ್ತದೆ. ಚಿಕ್ಕ ವಿಳಾಸವನ್ನು ಮೊದಲೇ ಕೈಯಾರೆ ಕೊಟ್ಟುಬಿಡಿ.

2024ರ ಸೆಪ್ಟೆಂಬರ್‌ನಲ್ಲಿ ನಾವೆಲ್ಲ ಗಮನಿಸದೇ ಬಿಟ್ಟಿದ್ದ ಇನ್ನೊಂದು ಬಾಗಿಲು ಕಣ್ಣಿಗೆ ಬಿತ್ತು. ಮುಲ್ಲೆನ್‌ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ನಡುವಿನ ಜಗಳ ಬಹಿರಂಗವಾಯಿತು. ಪ್ಲಗಿನ್ ಮತ್ತು ಅಪ್‌ಡೇಟ್‌ಗಳು ಬರುವ ತಾಣವಾದ ವರ್ಡ್‌ಪ್ರೆಸ್ ಡಾಟ್ ಆರ್ಗ್ ಆ ಕಂಪನಿಯ ಸರ್ವರ್‌ಗಳಿಗೆ ಪ್ರವೇಶ ತಡೆಯಿತು. ಅಲ್ಲಿದ್ದ ಸೈಟುಗಳಿಗೆ ಪ್ಲಗಿನ್ ಅಪ್‌ಡೇಟ್ ಎಂದಿನ ದಾರಿಯಲ್ಲಿ ಬರುವುದು ನಿಂತಿತು. ಅಕ್ಟೋಬರ್‌ನಲ್ಲಿ ಆ ಕಂಪನಿಯದೇ ಆದ, ಬಹಳ ಜನ ಬಳಸುವ ಒಂದು ಪ್ಲಗಿನ್‌ನ ಜಾಗವನ್ನು ವರ್ಡ್‌ಪ್ರೆಸ್ ಡಾಟ್ ಆರ್ಗ್‌ನವರು ಬೇರೆ ಹೆಸರಿನಲ್ಲಿ ವಶಕ್ಕೆ ತೆಗೆದುಕೊಂಡರು. ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟು ಮೊದಲಿನ ಸ್ಥಿತಿಗೆ ತರಲು ಹೇಳಿತು. ಯಾರದು ಸರಿ ಎಂಬ ವಾದ ಇಲ್ಲಿ ಬೇಡ. ನನಗೆ ನಿದ್ದೆ ಕೆಡಿಸಿದ್ದು ಬೇರೆ. ಕೋಡ್ ಜಿಪಿಎಲ್, ಯಾರೂ ಕಸಿಯಲಾರರು. ಆದರೆ ಆ ಕೋಡ್ ಪ್ರತಿದಿನ ಅಪ್‌ಡೇಟ್‌ಗಾಗಿ ತಟ್ಟುವ ಬಾಗಿಲು ಒಂದೇ, ಅದರ ಬೀಗದ ಕೈ ಒಬ್ಬರ ಹತ್ತಿರ. ಪರವಾನಗಿಯಲ್ಲಿ ಬರೆದ ಸ್ವಾತಂತ್ರ್ಯ ಆ ಬಾಗಿಲವರೆಗೂ ತಲುಪಿರಲಿಲ್ಲ.

ಮುಂದಿನ ದಿಕ್ಕು ಇಲ್ಲಿಂದಲೇ ಶುರುವಾಗುತ್ತದೆ ಎಂದು ನನಗನಿಸುತ್ತದೆ. 2025ರ ಜೂನ್‌ನಲ್ಲಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಫೇರ್ ಎಂಬ ಯೋಜನೆ ಶುರುವಾಯಿತು, ಪ್ಲಗಿನ್ ಮತ್ತು ಅಪ್‌ಡೇಟ್‌ಗಳು ಒಂದೇ ಕಡೆಯಿಂದ ಬರದೆ ಹಲವು ಕಡೆಯಿಂದ ಬರಲಿ ಎಂಬುದು ಅದರ ಉದ್ದೇಶ. ಅದು ಬಾಳುತ್ತದೋ ಇಲ್ಲವೋ, ಆ ಯೋಚನೆ ಮಾತ್ರ ಉಳಿಯಲೇಬೇಕು. ಲಿನಕ್ಸ್ ಲೋಕದಲ್ಲಿ ಹಲವು ಮಿರರ್‌ಗಳಿಂದ, ಅಂದರೆ ಅದೇ ಕಡತಗಳ ನಕಲು ಇಟ್ಟಿರುವ ಬೇರೆ ಬೇರೆ ಸರ್ವರ್‌ಗಳಿಂದ, ತಂತ್ರಾಂಶದ ಪ್ಯಾಕೇಜ್ ತರುವುದು ಎಷ್ಟೋ ವರ್ಷದಿಂದ ಸಾಮಾನ್ಯ ಸಂಗತಿ. ಓದುಗರನ್ನು ತಲುಪುವ ದಾರಿಯೂ ಹೀಗೆ ತೆರೆದುಕೊಳ್ಳುತ್ತಿದೆ. 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ದುಡ್ಡು ಕೂಡಿಸಿ ಹುಟ್ಟಿದ ಘೋಸ್ಟ್ ಎಂಬ ಪ್ರಕಾಶನ ತಂತ್ರಾಂಶ, 2025ರ ಆಗಸ್ಟ್‌ನ 6.0ರಲ್ಲಿ ಆಕ್ಟಿವಿಟಿಪಬ್ ಸೇರಿಸಿತು. ಬೇರೆ ಬೇರೆ ಸೈಟು, ಜಾಲಗಳು ತಮ್ಮೊಳಗೆ ಮಾತಾಡಿಕೊಳ್ಳುವ ಮುಕ್ತ ನಿಯಮಾವಳಿ ಅದು. ಮಾಸ್ಟಡಾನ್‌ನಂಥ ಜಾಲಗಳಲ್ಲಿ ಇರುವವರು ನಿಮ್ಮ ಸೈಟನ್ನೇ ನೇರವಾಗಿ ಹಿಂಬಾಲಿಸಬಹುದು, ನಡುವೆ ಯಾವ ಕಂಪನಿಯೂ ಬೇಕಿಲ್ಲ. ಡ್ರೂಪಲ್ 2025ರ ಜನವರಿಯಲ್ಲಿ ಡ್ರೂಪಲ್ ಸಿಎಮ್‌ಎಸ್ ಎಂಬ ಸಿದ್ಧ ರೂಪ ತಂದಿದೆ, ಕೋಡ್ ಬಾರದವರು ಮತ್ತೆ ಬರಲಿ ಎಂದು. ತಡವಾಯಿತು, ಆದರೂ ಒಳ್ಳೆಯದೇ.

ಇನ್ನು ಕಾನೂನಿನ ಕಡೆಯಿಂದ ಯುರೋಪಿನ ಸೈಬರ್ ರೆಸಿಲಿಯನ್ಸ್ ಆಕ್ಟ್ ಬರುತ್ತಿದೆ, ಅದರ ಮುಖ್ಯ ನಿಯಮಗಳು 2027ರ ಡಿಸೆಂಬರ್‌ನಿಂದ ಜಾರಿ. ಪ್ಲಗಿನ್ ಮಾರುವ ಕಂಪನಿಗಳು ದೋಷ ಸಿಕ್ಕಾಗ ಏನು ಮಾಡುತ್ತೇವೆ, ಎಷ್ಟು ಕಾಲ ಅಪ್‌ಡೇಟ್ ಕೊಡುತ್ತೇವೆ ಎಂದು ಹೇಳಬೇಕಾಗುತ್ತದೆ. ಮಾರಿ ಕೈತೊಳೆದುಕೊಳ್ಳುವ ಕಾಲ ಮುಗಿಯುತ್ತಿದೆ. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಪ್ಲಗಿನ್ ಕಾಪಾಡುತ್ತಿರುವ ಒಬ್ಬೊಬ್ಬರ ಮೇಲೆ ಈ ಭಾರ ಬೀಳದ ಹಾಗೆ ನೋಡಿಕೊಳ್ಳುವುದು ಬಳಸುವ ನಮ್ಮೆಲ್ಲರ ಜವಾಬ್ದಾರಿ. ನಿಮ್ಮ ಸೈಟು ಯಾವ ಪ್ಲಗಿನ್‌ಗಳ ಮೇಲೆ ನಿಂತಿದೆ, ಅವುಗಳನ್ನು ಬರೆದವರು ಎಷ್ಟು ಜನ, ಕೊನೆಯ ಅಪ್‌ಡೇಟ್ ಯಾವಾಗ ಎಂದು ಒಂದು ಪಟ್ಟಿ ಮಾಡಿ. ಒಬ್ಬರೇ ಇದ್ದರೆ ಅವರಿಗೆ ದುಡ್ಡು ಕಳಿಸಿ.

ಸರಳ ಪಠ್ಯದ ಕಡತಗಳಿಂದ ನೇರವಾಗಿ ಪುಟಗಳನ್ನು ತಯಾರಿಸುವ ಜೆಕಿಲ್, ಹ್ಯೂಗೊ ರೀತಿಯವನ್ನು ಬಳಸಿ ಡೇಟಾಬೇಸನ್ನೇ ಬಿಟ್ಟುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಒಬ್ಬರೇ ಬರೆಯುವ ಸೈಟಾದರೆ ಖಂಡಿತ ಹಾಗೇ ಮಾಡಿ, ಸರಳ ಪಠ್ಯದ ಕಡತಕ್ಕಿಂತ ಸುಲಭವಾಗಿ ಸಾಗಿಸುವಂಥದ್ದು ಬೇರೆ ಇಲ್ಲ. ಹತ್ತು ಜನ ಬರೆದು ಇಬ್ಬರು ತಿದ್ದುವ ಕಡೆ ಅದು ಬೇಗ ಸುಸ್ತಾಗಿಸುತ್ತದೆ.

ನಾನು ಈಗ ಪ್ರತಿ ಕೆಲಸ ಒಪ್ಪಿಸುವ ದಿನ ಸೈಟಿನವರನ್ನು ಪಕ್ಕ ಕೂರಿಸಿಕೊಂಡು ಒಂದು ತಾಲೀಮು ಮಾಡುತ್ತೇನೆ. ಹೊಸ ಸೈಟಿನಿಂದ ಎಲ್ಲ ಬರಹವನ್ನು ಎಕ್ಸ್‌ಪೋರ್ಟ್ ಮಾಡುತ್ತೇವೆ. ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಎಂಬುದಿದೆ, ಸರ್ವರ್ ಇಲ್ಲದೆ ಬ್ರೌಸರ್ ಒಳಗೇ ಪೂರ್ತಿ ವರ್ಡ್‌ಪ್ರೆಸ್ ಓಡುತ್ತದೆ. ಆ ಕಡತವನ್ನು ಅಲ್ಲಿ ತೆರೆದು ತೋರಿಸುತ್ತೇನೆ. ಇತ್ತೀಚೆಗೆ ಹೀಗೆ ಮಾಡುತ್ತಿದ್ದಾಗ ಒಬ್ಬರು ಕೇಳಿದರು, ಈ ಕಡತ ಇಷ್ಟು ಚಿಕ್ಕದಿದೆಯಲ್ಲ, ಚಿತ್ರಗಳೆಲ್ಲಿ? ಸರಿಯಾದ ಪ್ರಶ್ನೆ. ಆ ಕಡತದಲ್ಲಿ ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಹೊಸ ಸೈಟು ಆ ವಿಳಾಸ ಹಿಡಿದು ಹಳೇ ಸರ್ವರ್‌ಗೆ ಹೋಗಿ ಚಿತ್ರ ತರುತ್ತದೆ. ಹಳೇ ಸರ್ವರ್ ಅಷ್ಟರಲ್ಲಿ ಬಂದ್ ಆಗಿದ್ದರೆ ತರಲು ಏನೂ ಇರುವುದಿಲ್ಲ. ಅವರು ಆ ತಿಂಗಳ ಕೊನೆಗೆ ಹಳೇ ಹೋಸ್ಟಿಂಗ್ ನಿಲ್ಲಿಸುವವರಿದ್ದರು. ಇನ್ನೂ ಒಂದು ತಿಂಗಳು ಇರಲಿ ಎಂದು ಅಲ್ಲೇ ಕೂತು ಹೋಸ್ಟಿಂಗ್‌ನವರಿಗೆ ಬರೆದು ಕಳಿಸಿದೆವು, ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರನ್ನು ಪೂರ್ತಿಯಾಗಿ ಬೇರೆ ಡಿಸ್ಕ್‌ಗೆ ಇಳಿಸಿಕೊಂಡೆವು.