ಮರೆವಿಗೊಂದು ಮಾತ್ರೆ, ಅದನ್ನು ಕೆಡಿಸಲು ಇನ್ನೊಂದು

ಮರೆವಿನ ಕಾಯಿಲೆಯ ಹಿರಿಯರನ್ನು ಕರೆತರುವವರು ಸ್ಕ್ಯಾನ್ ತರುತ್ತಾರೆ, ಹಳೆಯ ಚೀಟಿ ತರುತ್ತಾರೆ. ಮನೆಯ ಡಬ್ಬಿಯಲ್ಲಿರುವ ಮಿಕ್ಕ ಮಾತ್ರೆಗಳನ್ನು ಮಾತ್ರ ತರುವುದಿಲ್ಲ. ‘ಅವೆಲ್ಲ ಬಿಡಿ ಡಾಕ್ಟ್ರೇ, ನೆಗಡಿಗೆ, ನಿದ್ದೆಗೆ, ಮೂತ್ರಕ್ಕೆ ತಗೊಳ್ಳೋದು’ ಎನ್ನುತ್ತಾರೆ. ನಾವು ಮೊದಲು ನೋಡಬೇಕಾದ್ದು ಅವನ್ನೇ.

ಮೆದುಳಿನ ಒಂದು ನರಕೋಶ ಇನ್ನೊಂದಕ್ಕೆ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 20 ನ್ಯಾನೋಮೀಟರ್ ಸಂದು. ಸುದ್ದಿ ದಾಟಿಸಲು ಒಂದು ಕೋಶ ರಾಸಾಯನಿಕವನ್ನು ಬಿಡುತ್ತದೆ, ಆಚೆ ಕಡೆಯ ಗ್ರಾಹಕಗಳು ಅದನ್ನು ಹಿಡಿಯುತ್ತವೆ. ಗಮನಕ್ಕೂ ನೆನಪಿಗೂ ಮುಖ್ಯವಾದದ್ದು ಅಸಿಟೈಲ್‌ಕೋಲಿನ್. ಆಲ್ಝೈಮರ್‌ನಲ್ಲಿ ಅದನ್ನು ಒದಗಿಸುವ ಮುಮ್ಮೆದುಳಿನ ತಳದ ಕೋಶಗಳು ಸಾಯುತ್ತ ಹೋಗುತ್ತವೆ. ರೋಗಿಗಳ ಮೆದುಳಿನಲ್ಲಿ ಅದನ್ನು ತಯಾರಿಸುವ ಕಿಣ್ವವೇ ತೀರಾ ಇಳಿದಿರುವುದು 1976ರಲ್ಲೇ ಗೊತ್ತಾಯಿತು. ಮರೆವಿನ ಇನ್ನೊಂದು ಕಾಯಿಲೆಯಾದ ಲ್ಯೂಯಿ ಬಾಡಿ ಡಿಮೆನ್ಷಿಯಾದಲ್ಲೂ ಈ ಕೊರತೆ ದೊಡ್ಡದು.

ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಝಿಲ್ ಮಾತ್ರೆ ಹೊಸ ಅಸಿಟೈಲ್‌ಕೋಲಿನ್ ತಯಾರಿಸುವುದಿಲ್ಲ. ಸಂದಿನಲ್ಲಿ ಅದನ್ನು ಒಡೆದುಹಾಕುವ ಕಿಣ್ವವನ್ನು ತಡೆದು, ಇದ್ದಷ್ಟು ಇನ್ನಷ್ಟು ಹೊತ್ತು ಉಳಿಯುವಂತೆ ಮಾಡುತ್ತದೆ, ಅಷ್ಟೇ. ಸತ್ತ ಕೋಶ ಬದುಕುವುದಿಲ್ಲ, ಕಾಯಿಲೆಯೂ ನಿಲ್ಲುವುದಿಲ್ಲ.

ಈಗ ಡಬ್ಬಿಯ ಕಡೆ ಬನ್ನಿ. ನೆಗಡಿ ಮಾತ್ರೆಯ ಶೀಟನ್ನು ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ: ಪ್ಯಾರಾಸಿಟಮಾಲ್ ಜೊತೆ ಬಹಳ ಸಲ ಕ್ಲೋರ್‌ಫೆನಿರಮಿನ್ ಇರುತ್ತದೆ. ಕೆಮ್ಮಿನ ಸಿರಪ್ಪಿನಲ್ಲಿ ಡೈಫೆನ್‌ಹೈಡ್ರಮಿನ್, ತುರಿಕೆಗೆ ಹೈಡ್ರಾಕ್ಸಿಝಿನ್, ನಿದ್ದೆಗೋ ನರನೋವಿಗೋ ಅಮಿಟ್ರಿಪ್ಟಿಲಿನ್, ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಅವಸರದ ಮೂತ್ರಕ್ಕೆ ಆಕ್ಸಿಬ್ಯುಟಿನಿನ್. ಬೇರೆ ಬೇರೆ ತೊಂದರೆಯ ಔಷಧಿಗಳಾದರೂ ಇವೆಲ್ಲ ಮಾಡುವ ಒಂದು ಕೆಲಸ ಒಂದೇ: ಅಸಿಟೈಲ್‌ಕೋಲಿನ್ ಕೂರಬೇಕಾದ ಗ್ರಾಹಕದಲ್ಲಿ ತಾವು ಹೋಗಿ ಕೂರುತ್ತವೆ. ಡೊನೆಪೆಝಿಲ್ ಕಷ್ಟಪಟ್ಟು ಉಳಿಸಿದ್ದನ್ನು ಕೇಳಿಸಿಕೊಳ್ಳುವ ಕಿವಿಗೇ ಹತ್ತಿ ತುರುಕಿದ ಹಾಗೆ.

ಉಮ್ಮತ್ತಿ ಬೀಜ ತಿಂದವರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಯಿ ಒಣಗುತ್ತದೆ, ಮೂತ್ರ ಕಟ್ಟುತ್ತದೆ, ಇಲ್ಲದ್ದನ್ನು ಕಂಡು ಬಡಬಡಿಸುತ್ತಾರೆ. ಅದರಲ್ಲಿರುವ ಅಟ್ರೋಪಿನ್ ಮುಚ್ಚುವುದೂ ಇದೇ ಬಗೆಯ ಗ್ರಾಹಕಗಳನ್ನು. ಮಾತ್ರೆಯಲ್ಲಿ ಪರಿಣಾಮ ಅಷ್ಟು ತೀವ್ರವಲ್ಲ, ನಿಜ. ಆದರೆ ಮೊದಲೇ ಬರಿದಾದ ಮೆದುಳಿಗೆ ಸ್ವಲ್ಪವೇ ಸಾಕು.

ಹೆಚ್ಚು ಬೇಸರ ತರಿಸುವುದು ಈ ಸರಣಿ. ಡೊನೆಪೆಝಿಲ್ 5 ಮಿ.ಗ್ರಾಂ. ಶುರುವಾಗುತ್ತದೆ. ಅದು ಮೂತ್ರಕೋಶವನ್ನೂ ಚುರುಕುಗೊಳಿಸುವುದರಿಂದ ಕೆಲವರಿಗೆ ಅವಸರದ ಮೂತ್ರ, ಹಾಸಿಗೆ ಒದ್ದೆ. ಮನೆಯವರು ಇನ್ನೊಬ್ಬ ವೈದ್ಯರ ಬಳಿ ಹೋಗುತ್ತಾರೆ, ಮರೆವಿನ ಮಾತ್ರೆಯ ಸುದ್ದಿ ಹೇಳುವುದಿಲ್ಲ. ಅಲ್ಲಿ ಆಕ್ಸಿಬ್ಯುಟಿನಿನ್ ಸೇರುತ್ತದೆ. ಗೊಂದಲ ಹೆಚ್ಚುತ್ತದೆ. ‘ಕಾಯಿಲೆ ಜಾಸ್ತಿಯಾಗಿದೆ’ ಎಂದು ಡೊನೆಪೆಝಿಲ್ 10ಕ್ಕೆ ಏರುತ್ತದೆ. ಮೂತ್ರ ಇನ್ನೂ ಹದಗೆಡುತ್ತದೆ. ಮರೆವಿನ ಮಾತ್ರೆಯ ಹಿಂದೆಯೇ ಮೂತ್ರದ ಮಾತ್ರೆ ಸೇರುವ ಈ ಜಾಡನ್ನು ಕೆನಡಾದ ಆಂಟೇರಿಯೋದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿತ್ತು.

ಆದ್ದರಿಂದ ಹೊಸ ತೊಂದರೆ ಬಂದಾಗ, ಯಾವ ಮಾತ್ರೆ ಯಾವ ದಿನ ಶುರುವಾಯಿತು, ಯಾವಾಗ ಏರಿತು ಎಂದು ಕ್ಯಾಲೆಂಡರಿನಲ್ಲಿ ನೋಡಿ. ಮೂತ್ರದ ಸೋಂಕು, ಸಕ್ಕರೆ, ಗಂಡಸರಾದರೆ ಪ್ರಾಸ್ಟೇಟ್ ಪರೀಕ್ಷೆ ಮೊದಲು ಆಗಲಿ. ಎರಡು ಗಂಟೆಗೊಮ್ಮೆ ಕರೆದು ಶೌಚಾಲಯಕ್ಕೆ ಕೂರಿಸುವುದರಿಂದಲೇ ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ತಗ್ಗುತ್ತದೆ. ಅಲರ್ಜಿಗೆ ಮೆದುಳಿಗೆ ಹೆಚ್ಚು ಹೋಗದ ಫೆಕ್ಸೊಫೆನಡಿನ್‌ನಂಥವು ಇವೆ, ವೈದ್ಯರನ್ನು ಕೇಳಿ.

ಇದನ್ನು ಓದಿ ಡಬ್ಬಿಯನ್ನು ಕಸಕ್ಕೆ ಸುರಿಯಬೇಡಿ. ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್ ಬಹಳ ದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು. ಡೊನೆಪೆಝಿಲ್ ಅನ್ನೂ ನೀವಾಗಿಯೇ ಬಿಡಬೇಡಿ. ಆದರೆ ನಾಡಿ ನಿಮಿಷಕ್ಕೆ 50ಕ್ಕಿಂತ ಇಳಿದರೆ, ತಲೆ ಸುತ್ತಿ ಬಿದ್ದರೆ, ಅಂದೇ ತೋರಿಸಿ.

‘ಹಾಗಾದರೆ ಅಮ್ಮನಿಗೆ ಮರೆವು ಬಂದದ್ದು ನಾವು ಕೊಟ್ಟ ಮಾತ್ರೆಯಿಂದಲೇ?’ ಎಂದು ಮಕ್ಕಳು ಕಣ್ಣು ತುಂಬಿಕೊಂಡು ಕೇಳುತ್ತಾರೆ. ಇಂಥ ಔಷಧಿಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾ ಹೆಚ್ಚು ಕಂಡುಬಂದದ್ದು ಹೌದು. ಅದು ನಂಟು ಮಾತ್ರ, ಅದೇ ಕಾರಣ ಎಂದು ಸಾಬೀತಾಗಿಲ್ಲ. ನೆಗಡಿಗೆ ಮಾತ್ರೆ ಕೊಟ್ಟದ್ದಕ್ಕೆ ಯಾರೂ ತಮ್ಮನ್ನು ಹಳಿದುಕೊಳ್ಳಬೇಕಿಲ್ಲ. ಮುಂದಿನ ಸಲ ಬರುವಾಗ ಡಬ್ಬಿಯನ್ನು ಹಾಗೇ ತನ್ನಿ, ತಿಂಗಳಿಗೊಮ್ಮೆ ನುಂಗುವ ಮಾತ್ರೆಯನ್ನೂ ಅರ್ಧ ಖಾಲಿಯಾದ ಸಿರಪ್ಪನ್ನೂ ಸೇರಿಸಿ.