ಸ್ಟೆರಿಲೈಸ್: ಮಗುವಿನ ಹಾಲಿನ ಬಾಟಲಿಯ ಮಟ್ಟಿಗೆ ಹಾಗಂದರೆ ಏನು?

ಆಪರೇಷನ್ ಥಿಯೇಟರಿನಲ್ಲಿ ಸ್ಟೆರಿಲೈಸ್ ಎಂದರೆ ಒಂದು ಅರ್ಥ, ಅಡುಗೆಮನೆ ಕಟ್ಟೆಯ ಮೇಲೆ ಇನ್ನೊಂದು. ಥಿಯೇಟರಿನ ಕತ್ತರಿ, ಇಕ್ಕಳಗಳ ಮೇಲೆ ಒಂದು ಜೀವಾಣುವೂ ಉಳಿಯಬಾರದು. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ ಎಲ್ಲ ಸಾಯಬೇಕು, ಜೊತೆಗೆ ಸ್ಪೋರ್‌ಗಳೂ ಸಾಯಬೇಕು. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲ ಬಂದಾಗ ಗಟ್ಟಿ ಕವಚ ಕಟ್ಟಿಕೊಂಡು ಮಲಗಿಬಿಡುತ್ತವೆ. ಆ ರೂಪಕ್ಕೆ ಸ್ಪೋರ್ ಎನ್ನುತ್ತಾರೆ. ಕುದಿಯುವ ನೀರಿಗೆ ಅದು ಜಗ್ಗುವುದಿಲ್ಲ. ಅದಕ್ಕೆ ಒತ್ತಡದಲ್ಲಿರುವ ಹಬೆಯೇ ಬೇಕು: 121 ಡಿಗ್ರಿ ಸೆಲ್ಸಿಯಸ್, ಕಡಿಮೆ ಎಂದರೂ 15 ನಿಮಿಷ. ಈ ಕೆಲಸ ಮಾಡುವ ಆಟೋಕ್ಲೇವ್ ಯಂತ್ರವನ್ನು 1879ರಲ್ಲಿ ರೂಪಿಸಿದವರು ಲೂಯಿ ಪಾಶ್ಚರ್ ಅವರ ಜೊತೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಚೇಂಬರ್ಲೆಂಡ್.

ನಾವು ಮನೆಯಲ್ಲಿ ಪಾತ್ರೆಗೆ ನೀರು ಹಾಕಿ ಬಾಟಲಿ ಕುದಿಸಿದರೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ನೀರು 97 ಡಿಗ್ರಿಗೇ ಕುದಿಯಲು ಶುರುವಾಗುತ್ತದೆ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಮನೆಯಲ್ಲಿ ಯಾರೂ ಬಾಟಲಿಯನ್ನು ಸ್ಟೆರಿಲೈಸ್ ಮಾಡುವುದಿಲ್ಲ. ರೋಗ ತರುವ ಜೀವಾಣುಗಳನ್ನು ಕೊಲ್ಲುತ್ತೇವೆ, ಅಷ್ಟೇ. ಗಾಬರಿ ಬೇಡ, ಅಷ್ಟು ಸಾಕು. ಮಗುವಿಗೆ ಭೇದಿ, ವಾಂತಿ ತರುವ ಸಾಲ್ಮೊನೆಲ್ಲಾ, ಇ-ಕೋಲಿ, ರೋಟಾವೈರಸ್‌ನಂಥವು ಕುದಿಯುವ ನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಆ ಮೂರು ಡಿಗ್ರಿ ಕಡಿಮೆಯಾದರೂ ಲೆಕ್ಕಕ್ಕಿಲ್ಲ.

ಸ್ಪೋರ್ ಮಾತು ಬಂದಿದ್ದಕ್ಕೆ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನುತುಪ್ಪ ಸವರುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಜೇನಿನಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಸ್ಪೋರ್ ಇರಬಹುದು. ದೊಡ್ಡವರ ಕರುಳಿನಲ್ಲಿ ಅದು ಏನೂ ಮಾಡುವುದಿಲ್ಲ. ಎಳೆ ಕರುಳಿನಲ್ಲಿ ಮೊಳೆತು ವಿಷ ಬಿಡಬಹುದು. ಒಂದು ವರ್ಷ ತುಂಬುವವರೆಗೆ ಜೇನು ಬೇಡ ಎಂದು ಡಾಕ್ಟರು ಹೇಳುವುದು ಇದಕ್ಕೇ. ಬಾಟಲಿ ಎಷ್ಟೇ ಕುದಿಸಿದರೂ ಆ ಜೇನಿಗೆ ಅದು ಉತ್ತರವಲ್ಲ.

ಇನ್ನು ಬಾಟಲಿಗೆ ಇಷ್ಟೊಂದು ಉಪಚಾರ ಯಾಕೆ, ಮಗುವಿನ ಆಟಿಕೆಗೆ ಯಾಕಿಲ್ಲ? ಕಾರಣ ಹಾಲು. ಹಾಲಿನಲ್ಲಿ ಸಕ್ಕರೆ, ಪ್ರೋಟೀನ್, ಕೊಬ್ಬು ಎಲ್ಲ ಇವೆ. ಅದನ್ನು ಬೆಚ್ಚಗೆ ಇಟ್ಟರೆ ಒಂದು ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಸಾವಿರಗಟ್ಟಲೆ ಆಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಮೇಲಾಗಿ ಎಳೆ ಮಗುವಿನ ಹೊಟ್ಟೆಯ ಆಮ್ಲಕ್ಕೆ ದೊಡ್ಡವರಷ್ಟು ಖಾರವಿಲ್ಲ, ರೋಗ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ.

ಹೆಚ್ಚಿನವರು ಕುದಿಸುವುದರ ಮೇಲೇ ಗಮನ ಇಡುತ್ತಾರೆ. ನನ್ನ ಪ್ರಕಾರ ಮುಕ್ಕಾಲು ಕೆಲಸ ಇರುವುದು ಅದಕ್ಕಿಂತ ಮೊದಲಿನ ತೊಳೆಯುವುದರಲ್ಲಿ. ಹಾಲಿನ ಜಿಡ್ಡು ಬಾಟಲಿಯ ಒಳಮೈಗೆ ಪದರವಾಗಿ ಅಂಟುತ್ತದೆ. ಆ ಪದರದೊಳಗೆ ಬ್ಯಾಕ್ಟೀರಿಯಾಗಳು ಗುಂಪುಕಟ್ಟಿ, ತಮ್ಮದೇ ಲೋಳೆಯ ಹೊದಿಕೆ ಹೊದ್ದು ಕೂರುತ್ತವೆ. ಅದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಬಿಸಿಯಾಗಲಿ ಔಷಧಿಯಾಗಲಿ ಒಳಗಿನವಕ್ಕೆ ಸರಿಯಾಗಿ ತಟ್ಟದಂತೆ ಅದು ತಡೆಯುತ್ತದೆ. ತೊಳೆಯದೆ ಕುದಿಸಿದರೆ ಹಾಲಿನ ಪ್ರೋಟೀನ್ ಬೆಂದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಅದನ್ನು ಆಮೇಲೆ ಉಜ್ಜಿ ತೆಗೆಯುವುದು ದೊಡ್ಡ ಪಾಡು.

ಹತ್ತೊಂಬತ್ತನೇ ಶತಮಾನದ ಯೂರೋಪಿನಲ್ಲಿ ಉದ್ದ ರಬ್ಬರ್ ಕೊಳವೆ ಇದ್ದ ಬಾಟಲಿಗಳು ಬಂದಿದ್ದವು. ಮಗುವಿನ ಪಕ್ಕ ಇಟ್ಟರಾಯಿತು, ಅದೇ ಹೀರಿಕೊಳ್ಳುತ್ತಿತ್ತು. ತಾಯಂದಿರಿಗೆ ಅನುಕೂಲ ಅನ್ನಿಸಿತು. ಆದರೆ ಆ ಕೊಳವೆಯ ಒಳಗನ್ನು ತೊಳೆಯುವ ದಾರಿಯೇ ಇರಲಿಲ್ಲ. ಎಷ್ಟು ಕೂಸುಗಳು ಭೇದಿಯಿಂದ ಸತ್ತವೆಂದರೆ ಜನ ಅವನ್ನು ಕೊಲೆಗಾರ ಬಾಟಲಿ ಎಂದೇ ಕರೆದರು. ಕೊನೆಗೆ ಫ್ರಾನ್ಸ್ 1910ರಲ್ಲಿ ಕಾನೂನು ಮಾಡಿ ಅವುಗಳ ಮಾರಾಟ ನಿಲ್ಲಿಸಿತು. ಇವತ್ತಿನ ಬಾಟಲಿಗಳಲ್ಲೂ ಅಂಥ ಜಾಗಗಳಿವೆ. ಗ್ಯಾಸ್ ಆಗದಿರಲಿ ಎಂದು ಹಾಕಿರುವ ವಾಲ್ವು, ಗಾಳಿ ಹೋಗುವ ಸಣ್ಣ ನಳಿಗೆ, ನಿಪ್ಪಲಿನ ತಳದ ಅಂಚು, ಮುಚ್ಚಳದ ತಿರುಪಿನ ಗೀರುಗಳು. ಬಾಟಲಿ ಕೊಳ್ಳುವಾಗ ಬಣ್ಣ, ಗೊಂಬೆ ಚಿತ್ರ ನೋಡುವ ಬದಲು ಎಷ್ಟು ಬಿಡಿಭಾಗ ಇವೆ ಎಂದು ಎಣಿಸಿ. ಕಡಿಮೆ ಇದ್ದಷ್ಟೂ ಒಳ್ಳೆಯದು. ಬಾಯಿ ಅಗಲ ಇದ್ದರೆ ಕೈಕೆಲಸ ಅರ್ಧ ಉಳಿಯುತ್ತದೆ.

ಮಗು ಕುಡಿದು ಬಿಟ್ಟ ಕೂಡಲೇ ಉಳಿದ ಹಾಲು ಚೆಲ್ಲಿ, ತಣ್ಣೀರಲ್ಲಿ ಒಮ್ಮೆ ಅಲುಗಿಸಿ ಇಡಿ. ರಾತ್ರಿ ಎರಡು ಗಂಟೆಗೆ ಎದ್ದು ತೊಳೆಯಲು ಆಗದಿದ್ದರೂ ಇಷ್ಟಾದರೂ ಮಾಡಬಹುದು. ಆಮೇಲೆ ಎಲ್ಲ ಭಾಗ ಬಿಚ್ಚಿ, ಬಿಸಿನೀರು, ಸೋಪು ಹಾಕಿ ಬ್ರಷ್‌ನಿಂದ ಉಜ್ಜಬೇಕು. ಅದಕ್ಕೆಂದೇ ಒಂದು ಟಬ್, ಒಂದು ಬ್ರಷ್ ಬೇರೆ ಇರಲಿ. ಸಿಂಕು ನೋಡಲು ಚೊಕ್ಕ ಕಂಡರೂ ಅಲ್ಲಿ ಹಸಿ ಮಾಂಸ, ಮೊಟ್ಟೆ, ಮಣ್ಣು ಮೆತ್ತಿದ ತರಕಾರಿ ಎಲ್ಲ ಹಾದುಹೋಗಿರುತ್ತವೆ. ನಿಪ್ಪಲಿನ ತೂತಿನಿಂದ ನೀರು ಹಿಂಡಿ ತೆಗೆಯಿರಿ. ಸ್ಟೀಲ್ ನಾರು ಬೇಡವೇ ಬೇಡ. ಪ್ಲಾಸ್ಟಿಕ್ ಮೇಲೆ ಬೀಳುವ ಪ್ರತಿ ಗೀರೂ ಜಿಡ್ಡಿಗೆ ಒಂದು ಮನೆ.

ಕುದಿಸುವ ವಿಧಾನ ಸರಳ. ಬಾಟಲಿ ಪೂರ್ತಿ ಮುಳುಗಬೇಕು, ಒಳಗೆ ಗಾಳಿಗುಳ್ಳೆ ಇರಬಾರದು, ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಹೊತ್ತು ಎಣಿಸಬೇಕು. ಎಷ್ಟು ಹೊತ್ತು? ಅಮೆರಿಕದ ಆರೋಗ್ಯ ಇಲಾಖೆಯ ಸಿಡಿಸಿ 5 ನಿಮಿಷ ಎನ್ನುತ್ತದೆ, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕನಿಷ್ಠ 10 ನಿಮಿಷ ಎನ್ನುತ್ತದೆ. ಎಷ್ಟು ತಿಂಗಳವರೆಗೆ ಎಂಬುದರಲ್ಲೂ ಒಮ್ಮತವಿಲ್ಲ. ಬ್ರಿಟನ್ನಿನಲ್ಲಿ ಮಗುವಿಗೆ ಒಂದು ವರ್ಷ ಆಗುವವರೆಗೆ ಪ್ರತಿ ಸಲವೂ ಮಾಡಿ ಎನ್ನುತ್ತಾರೆ. ಅಮೆರಿಕದಲ್ಲಿ ಎರಡು ತಿಂಗಳೊಳಗಿನ ಮಗು, ಬೇಗ ಹುಟ್ಟಿದ ಮಗು, ರೋಗ ತಡೆಯುವ ಶಕ್ತಿ ಕಡಿಮೆ ಇರುವ ಮಗುವಿಗೆ ದಿನಕ್ಕೊಮ್ಮೆ ಮಾಡಿ, ಉಳಿದವರು ಚೆನ್ನಾಗಿ ತೊಳೆದರೆ ಸಾಕಾಗಬಹುದು ಎನ್ನುತ್ತಾರೆ. ಲಂಡನ್ನಿನಲ್ಲಿರುವ ಅಕ್ಕ, ನ್ಯೂಜೆರ್ಸಿಯಲ್ಲಿರುವ ತಂಗಿ ಫೋನಿನಲ್ಲಿ ಈ ಬಗ್ಗೆ ಜಗಳವಾಡಿದರೆ ಇಬ್ಬರದೂ ಸರಿಯೇ. ನಮ್ಮಲ್ಲಿ ಟ್ಯಾಂಕರ್ ನೀರು, ಸಂಪು, ಮೇಲಿನ ಟ್ಯಾಂಕು ಎಂದು ನೀರು ಹತ್ತು ಕಡೆ ಸುತ್ತಿ ಬರುತ್ತದೆ. ಹಾಗಾಗಿ ಇಲ್ಲಿ ಬ್ರಿಟನ್ನಿನ ಲೆಕ್ಕ ಹಿಡಿಯುವುದು ಮೇಲು.

ಕರೆಂಟ್ ಸ್ಟೆರಿಲೈಸರ್ ಎಂದು ಅಂಗಡಿಯಲ್ಲಿ ಮಾರುವುದು ಹೆಚ್ಚುಕಡಿಮೆ ಇಡ್ಲಿ ಪಾತ್ರೆಯೇ. ಕೆಳಗೆ ಬಿಸಿಯಾಗುವ ತಟ್ಟೆ, ಅದರ ಮೇಲೆ ಅಳತೆಯ ನೀರು, ಮೇಲೆ ಬಾಟಲಿಗಳನ್ನು ಬೋರಲು ಹಾಕುವ ಬುಟ್ಟಿ. ಅದರಲ್ಲೊಂದು ಜಾಣತನವಿದೆ. ತಟ್ಟೆಯ ಮೇಲೆ ನೀರು ಇರುವ ತನಕ ಬಿಸಿ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರಿದ ಕೂಡಲೇ ತಟ್ಟೆಯ ಬಿಸಿ ಸರ್ರನೆ ಏರುತ್ತದೆ. ಅದನ್ನು ಥರ್ಮೋಸ್ಟಾಟ್ ಗುರುತಿಸಿ ಆಫ್ ಮಾಡುತ್ತದೆ. ಅಂದರೆ ಇಂಥ ಯಂತ್ರದಲ್ಲಿ ನೀವು ಹಾಕುವ ನೀರೇ ಗಡಿಯಾರ. "ಸ್ವಲ್ಪ ಕಡಿಮೆ ಹಾಕಿದರೆ ಬೇಗ ಆಗುತ್ತೆ" ಎಂದು ನೀರು ಉಳಿಸಿದರೆ ಹಬೆಯ ಹೊತ್ತೂ ಕಡಿಮೆಯಾಗುತ್ತದೆ.

ಯಂತ್ರ ಕೆಡುವುದೂ ಇದೇ ತಟ್ಟೆಯಿಂದ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ನೀರು ಆವಿಯಾದರೂ ಅವು ತಟ್ಟೆಯ ಮೇಲೇ ಉಳಿದು ಬಿಳಿ ಸುಣ್ಣದಂತೆ ಕಟ್ಟಿಕೊಳ್ಳುತ್ತವೆ. ಆ ಪದರ ದಪ್ಪವಾದಂತೆ ಬಿಸಿ ನೀರಿಗೆ ತಲುಪದೆ ತಟ್ಟೆಯಲ್ಲೇ ನಿಲ್ಲುತ್ತದೆ. ಥರ್ಮೋಸ್ಟಾಟ್ ನೀರು ಆರಿತೆಂದು ತಿಳಿದು ಹಬೆ ಪೂರ್ತಿ ಬರುವ ಮೊದಲೇ ಆಫ್ ಆಗಬಹುದು. ದೀಪ ಆರಿದ್ದು ನೋಡಿ ನಾವು ಆಯಿತು ಅಂದುಕೊಳ್ಳುತ್ತೇವೆ. ಯಂತ್ರ ನಿಂತ ಮೇಲೂ ತಟ್ಟೆಯಲ್ಲಿ ನೀರು ನಿಂತಿದ್ದರೆ ಅನುಮಾನ ಪಡಿ.

ಸುಣ್ಣ ತೆಗೆಯಲು ಹುಳಿಯೇ ಮದ್ದು. ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ತಟ್ಟೆಗೆ ಹಾಕಿ, ಅರ್ಧ ಗಂಟೆ ಸುಮ್ನೆ ಬಿಡಿ. ವಾಸನೆ ಬೇಡ ಅನ್ನುವವರು ಒಂದು ಲೋಟ ನೀರಿಗೆ ಎರಡು ಚಿಕ್ಕ ಚಮಚ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಹಾಕಬಹುದು. ದಿನಸಿ ಅಂಗಡಿಯಲ್ಲಿ ಕೆಲವರು ಇದನ್ನೇ ನಿಂಬೆ ಉಪ್ಪು ಎನ್ನುತ್ತಾರೆ. ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುವ ಗುರುತು ಅದು. ಚೆಲ್ಲಿ, ಒರೆಸಿ, ಬರೀ ನೀರು ಹಾಕಿ ಬಾಟಲಿ ಇಲ್ಲದೆ ಒಮ್ಮೆ ಓಡಿಸಿ. ಚಾಕುವಿನಿಂದ ಕೆರೆಯಬೇಡಿ, ಕೆಳಗಿನ ಭಾಗವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಸಾಕು, ನೀರು ತೀರಾ ಗಡಸಾದರೆ ಹದಿನೈದು ದಿನಕ್ಕೊಮ್ಮೆ. ಆರ್‌ಒ ನೀರು ಹಾಕಿದರೆ ಈ ತಾಪತ್ರಯವೇ ಕಡಿಮೆ. ಬಾಟಲಿಯ ಮೇಲೆ ಕಾಣುವ ಬಿಳಿ ಪುಡಿಯೂ ಇದೇ ಸುಣ್ಣ, ಅದರಿಂದ ಮಗುವಿಗೆ ತೊಂದರೆಯಿಲ್ಲ. ತಟ್ಟೆಯ ಮೇಲೆ ಕಂದು ಕಲೆ ಕಂಡರೆ ಮಾತ್ರ ಬಾಟಲಿ ಸರಿಯಾಗಿ ತೊಳೆಯುತ್ತಿದ್ದೇವಾ ಎಂದು ನೋಡಿಕೊಳ್ಳಬೇಕು. ಎಷ್ಟೋ ಸಲ ಅದು ಸೀದ ಹಾಲು.

ಬಿಸಿಯಿಲ್ಲದೆ, ಕ್ಲೋರಿನ್ ದ್ರಾವಣದಲ್ಲಿ ಅದ್ದಿಡುವ ಪದ್ಧತಿಯೂ ಇದೆ. ಬ್ರಿಟನ್ನಿನಲ್ಲಿ ಬಹಳ ಬಳಕೆ, ಇಲ್ಲಿ ಕಡಿಮೆ. ಮಗುವಿನ ಬಾಟಲಿಗೆಂದೇ ಮಾಡಿದ ದ್ರಾವಣ ಆಗಿರಬೇಕು, ಪೂರ್ತಿ ಮುಳುಗಿಸಿ ಕನಿಷ್ಠ 30 ನಿಮಿಷ ಇಡಬೇಕು, ದ್ರಾವಣವನ್ನು 24 ಗಂಟೆಗೊಮ್ಮೆ ಬದಲಿಸಬೇಕು. ಈ ದ್ರಾವಣಕ್ಕೂ ಮೇಲೆ ಹೇಳಿದ ವಿನೆಗರಿಗೂ ಯಾವತ್ತೂ ಸಂಗ ಮಾಡಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ.

ಈಗೀಗ ಯುವಿ, ಅಂದರೆ ಅತಿನೇರಳೆ ಬೆಳಕಿನಿಂದ ಜೀವಾಣು ಕೊಲ್ಲುವ ಪೆಟ್ಟಿಗೆಗಳು ಬಂದಿವೆ. ಬೆಲೆ ಜಾಸ್ತಿ, ನೋಡಲು ಚಂದ. ಆದರೆ ಬೆಳಕು ಬಿದ್ದ ಕಡೆ ಮಾತ್ರ ಅದರ ಕೆಲಸ. ನೆರಳಿನಲ್ಲಿ, ತಿರುಪಿನ ಸಂದಿಯಲ್ಲಿ, ಜಿಡ್ಡಿನ ಅಡಿಯಲ್ಲಿ ಅದು ಏನೂ ಮಾಡದು. ಒಂದು ಸ್ಟೀಲ್ ಪಾತ್ರೆ ಮಾಡುವ ಕೆಲಸಕ್ಕೆ ಅಷ್ಟು ದುಡ್ಡು ಯಾಕೆ ಎಂಬುದು ನನ್ನ ಪ್ರಶ್ನೆ.

ಕುದಿಸಿ ತೆಗೆದ ಮೇಲೆ ಸೆರಗಿನಿಂದಲೋ ಪಾತ್ರೆ ಒರೆಸುವ ಬಟ್ಟೆಯಿಂದಲೋ ಬಾಟಲಿ ಒರೆಸಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದಂತೆ. ನೀರು ಜಾಡಿಸಿ, ಶುಚಿಯಾದ ಜಾಲರಿ ಮೇಲೆ ಬೋರಲು ಹಾಕಿ ಗಾಳಿಗೆ ಆರಲು ಬಿಡಿ. ಕೈ ತೊಳೆದುಕೊಂಡು, ನಿಪ್ಪಲನ್ನು ಅಂಚಿನಲ್ಲಷ್ಟೇ ಹಿಡಿದು ಕೂಡಿಸಿ, ಮುಚ್ಚಳ ಹಾಕಿ ಇಡಿ.

ಪುಡಿ ಹಾಲು ಕೊಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಡಬ್ಬಿ ಎಷ್ಟೇ ಭದ್ರವಾಗಿದ್ದರೂ ಒಳಗಿನ ಪುಡಿ ಸ್ಟೆರೈಲ್ ಅಲ್ಲ. ಅಪರೂಪಕ್ಕೆ ಅದರಲ್ಲಿ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಗುತ್ತದೆ. ಎಳೆ ಕೂಸಿನ ಮೆದುಳಿನ ಪೊರೆಗೇ ಸೋಂಕು ತರಬಲ್ಲದು ಅದು. ಅದಕ್ಕೇ ನೀರು ಕುದಿಸಿ, 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುದಿಸಿದ ನೀರನ್ನು ಅರ್ಧ ಗಂಟೆಗಿಂತ ಹೆಚ್ಚು ಬಿಡಬಾರದು ಎಂಬುದು ಅದರ ಅಂದಾಜು ಲೆಕ್ಕ. ಬೆರೆಸಿದ ಮೇಲೆ ತಣ್ಣಗೆ ಮಾಡಿ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ ಕುಡಿಸಬೇಕು. ಎರಡು ಗಂಟೆ ಮೀರಿದ್ದನ್ನು, ಮಗು ಕುಡಿದು ಬಿಟ್ಟಿದ್ದನ್ನು ಚೆಲ್ಲಬೇಕು.

ಬಿಸಿಗೂ ಪ್ಲಾಸ್ಟಿಕ್ಕಿಗೂ ಅಷ್ಟಕ್ಕಷ್ಟೇ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿಗಳನ್ನು ಪರೀಕ್ಷಿಸಿದರು. ಬಿಸಿನೀರು ಹಾಕಿ ಅಲುಗಿಸಿದಾಗ ಕೆಲವು ಬಾಟಲಿಗಳಿಂದ ಲೀಟರಿಗೆ 1.6 ಕೋಟಿಯಷ್ಟು ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾದವು. ಅವು ಮಗುವಿಗೆ ಹಾನಿ ಮಾಡುತ್ತವೆಂದು ಆ ಅಧ್ಯಯನ ಹೇಳಲಿಲ್ಲ. ಆದರೂ ಕುದಿಸಿದ ಬಾಟಲಿಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಒಮ್ಮೆ ತೊಳೆಯುವುದು, ಹಾಲನ್ನು ಗಾಜಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಬೆರೆಸಿ ತಣಿದ ಮೇಲೆ ಬಾಟಲಿಗೆ ಸುರಿಯುವುದು ಕಷ್ಟವೇನಲ್ಲ. ಗಾಜಿನ ಬಾಟಲಿಗೆ ಈ ರಗಳೆಯೇ ಇಲ್ಲ, ಬಿದ್ದರೆ ಒಡೆಯುತ್ತದೆ ಅನ್ನೋದು ಬಿಟ್ಟರೆ.

ನಿಪ್ಪಲಿನ ಆಯಸ್ಸು ಎರಡು ಮೂರು ತಿಂಗಳು. ವಾರಕ್ಕೊಮ್ಮೆ ಎಳೆದು ನೋಡಿ. ಅಂಟಂಟಾಗಿದ್ದರೆ, ಊದಿದ್ದರೆ, ಸೀಳು ಕಂಡರೆ ಎಸೆಯಿರಿ, ಹರಿದ ತುಣುಕು ಗಂಟಲಿಗೆ ಸಿಕ್ಕಿಬಿಟ್ಟೀತು. ಎದೆಹಾಲು ತೆಗೆಯುವ ಪಂಪ್ ಇದ್ದರೆ ಹಾಲು ತಾಗುವ ಭಾಗಗಳನ್ನಷ್ಟೇ ಕುದಿಸಿ. ಮೋಟರನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಗಾಳಿ ಎಳೆಯುವ ನಳಿಗೆಯಲ್ಲಿ ಬೂಸ್ಟು ಕಂಡರೆ ತೊಳೆಯಲು ಹೋಗದೆ ಹೊಸದು ತನ್ನಿ.

ಟಿವಿಯಲ್ಲಿ ಫೀಡಿಂಗ್ ಬಾಟಲಿಯ ಜಾಹೀರಾತು ಯಾಕೆ ಬರುವುದಿಲ್ಲ, ಗಮನಿಸಿದ್ದೀರಾ? ಭಾರತದಲ್ಲಿ 1992ರ ಕಾನೂನು ಅದನ್ನು ನಿಷೇಧಿಸಿದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು, ಬಾಟಲಿ ರೂಢಿಯಾಗಬಾರದು ಎಂಬುದು ಅದರ ಉದ್ದೇಶ. ಮೊಲೆ ಚೀಪಲಾಗದ ಎಳೆ ಕೂಸಿಗೆ ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಬಾಟಲಿಯ ಬದಲು ಪಾಲಡೈಯಲ್ಲಿ ಹಾಲು ಹಾಕುತ್ತಾರೆ. ನಮ್ಮ ಅಜ್ಜಿಯಂದಿರ ಒಳಲೆಯೇ ಅದು. ಮೂತಿಯುಳ್ಳ ಪುಟ್ಟ ಬಟ್ಟಲು. ತಿರುಪಿಲ್ಲ, ವಾಲ್ವಿಲ್ಲ, ಕೈಬೆರಳು ಹೋಗದ ಮೂಲೆ ಇಲ್ಲ. ತೊಳೆಯುವ ಕೆಲಸ ಬಾಟಲಿಯ ಕಾಲು ಭಾಗವೂ ಇಲ್ಲ. ಅದನ್ನೂ ಪ್ರತಿ ಸಲ ಸೋಪು ಹಾಕಿ ತೊಳೆದು ಕುದಿಸಬೇಕು. ಬೆಳ್ಳಿಯದಾಗಿದ್ದು ಕಪ್ಪಾದರೆ ಪಾಲಿಶ್ ಪುಡಿ ಹಾಕಿ ಉಜ್ಜಬೇಡಿ. ಮಗುವಿಗೆ ದಿನವೂ ಬಳಸಲು ಸ್ಟೀಲಿನದೇ ವಾಸಿ.